ಹಡೆಯುವ ತಿಂಗಳಲ್ಲಿ ಬೋನು

ಮಾರ್ಚ್ ತಿಂಗಳು ಹುಟ್ಟಿತೆಂದರೆ ನಿಜಲಿಂಗಪ್ಪ ತನ್ನ ಬಂದೂಕನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದ. ಮತ್ತೆ ತೆಗೆಯುತ್ತಿದ್ದುದು ಜುಲೈನಲ್ಲೇ. ನಡುವಿನ ನಾಲ್ಕು ತಿಂಗಳು ಯಾರು ಎಷ್ಟೇ ಅಂಗಲಾಚಿದರೂ ನರಿಯ ಕೆಲಸ ಇಲ್ಲ. ಇಲಿ ಹಿಡಿಯಬೇಕೇ, ಕಣಜದ ಗೂಡು ತೆಗೆಯಬೇಕೇ, ಪಾರಿವಾಳಕ್ಕೆ ಬಲೆ ಕಟ್ಟಬೇಕೇ, ಬರುತ್ತಿದ್ದ. ನರಿ ಎಂದರೆ ಮಾತ್ರ, "ಇದು ಹಡಿಯೂ ತಿಂಗಳರೀ, ಆಗೂದಿಲ್ಲ" ಎಂದು ಫೋನ್ ಇಟ್ಟುಬಿಡುತ್ತಿದ್ದ. ಕಾನೂನೇನೂ ಅವನ ಕೈ ಹಿಡಿದಿರಲಿಲ್ಲ. ಇಂಗ್ಲಿಷರ ಈ ದೇಶದಲ್ಲಿ ನರಿಯನ್ನು ವರ್ಷದ ಯಾವ ದಿನ ಬೇಕಾದರೂ ಕೊಲ್ಲಬಹುದು. ಇದು ಅವನು ತನಗೆ ತಾನೇ ಹಾಕಿಕೊಂಡ ಕಟ್ಟು. ಹದಿನೆಂಟು ವರ್ಷದಲ್ಲಿ ಒಂದು ಸಲವೂ ಮುರಿದಿರಲಿಲ್ಲ.

ಇಂಡಿ ತಾಲ್ಲೂಕಿನ ಲಿಂಗಾಯತರ ಮನೆಯಲ್ಲಿ ಹುಟ್ಟಿ, ಮೊಟ್ಟೆಯನ್ನೂ ಮುಟ್ಟದೆ ಬೆಳೆದು, ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಈ ಕಸುಬಿಗೆ ಹೇಗೆ ಬಿದ್ದ ಎಂದು ಯುಗಾದಿ ಊಟದ ಪಂಕ್ತಿಯಲ್ಲಿ ಇಲ್ಲಿನ ಕನ್ನಡದ ಜನ ಪಿಸುಗುಟ್ಟುತ್ತಿದ್ದರು. ಪಿಸುಗುಟ್ಟಲಿ ಬಿಡಿ. ಅದೇ ಜನ ತಮ್ಮ ಹಿತ್ತಲಿನ ಕಸದ ಡಬ್ಬಿಯನ್ನು ನರಿ ಉರುಳಿಸಿದಾಗ ಅವನ ನಂಬರಿಗಾಗಿ ಪರದಾಡುತ್ತಿದ್ದರು. ಬಿದ್ದದ್ದು ಹೀಗೆ: ಫೆಲ್ಥಮ್‌ನಲ್ಲಿ ಮನೆ ಮಾಡಿ ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದಾಗ, ಅಲ್ಲಿ ಇಲಿ ಹಿಡಿಯಲು ಬರುತ್ತಿದ್ದ ಮುದುಕ ಇಂಗ್ಲಿಷಿನವನಿಗೆ ಬೋನು ಹೊರಲು ಒಂದು ಕೈ ಬೇಕಿತ್ತು. ನಿಜಲಿಂಗಪ್ಪನಿಗೆ ಬೆನ್ನುನೋವು, ಬೇರೆ ಕೆಲಸ ಬೇಕಿತ್ತು. ಮುದುಕ ಗಾಳಿ ನೋಡುವುದನ್ನು ಕಲಿಸಿದ, ಹೆಜ್ಜೆ ಓದುವುದನ್ನು ಕಲಿಸಿದ, ಕೊನೆಗೆ ಬಂದೂಕಿನ ಲೈಸೆನ್ಸನ್ನೂ ಮಾಡಿಸಿಕೊಟ್ಟ. ಹೆಂಡತಿ ರತ್ನವ್ವ ಮೊದಲ ವರ್ಷ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದೇ ಮಾತು ಕೇಳಿದಳು, "ಹಡದದ್ದನ್ನರ ಬಿಡ್ತೀರಿಲ್ಲೋ?" ಬಿಡ್ತೀನಿ ಎಂದ. ಆ ಕಟ್ಟು ಹುಟ್ಟಿದ್ದು ಅಲ್ಲಿ.

ಆ ವರ್ಷ ಏಪ್ರಿಲ್ ನಡುವಿನಲ್ಲಿ ನಗರದ ಇನ್ನೊಂದು ತುದಿಯ ಇಲ್ಫರ್ಡಿನಿಂದ ಶೋಭಾ ಎಂಬ ಹೆಂಗಸಿನ ಫೋನ್ ಬಂತು. ಬೆಂಗಳೂರಿನ ಹೈಸ್ಕೂಲಿನಲ್ಲಿ ಮೇಡಂ ಆಗಿ ನಿವೃತ್ತಿಯಾದವರು, ಮಗಳು ಸ್ಮೃತಿಯ ಬಾಣಂತನಕ್ಕೆಂದು ಬಂದವರು. ಎಂದಿನಂತೆ ಅವನು, ಹಡಿಯೂ ತಿಂಗಳರೀ, ಎಂದು ಶುರುಮಾಡಿದ. ಆ ಕಡೆಯಿಂದ ಶೋಭಾ, "ನಮ್ಮನೇಲೂ ಹಡೆದಿದಾರೆ ರೀ! ಇಪ್ಪತ್ಮೂರು ದಿನದ ಮಗು. ನರಿ ತೊಟ್ಟಿಲಿಗೇ ಬಾಯಿ ಹಾಕಿದೆ" ಎಂದರು. ನಿಜಲಿಂಗಪ್ಪ ಫೋನ್ ಇಡಲಿಲ್ಲ.

ಮರುದಿನವೇ ಹೋದ. ಇಲ್ಫರ್ಡಿನ ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಲ್ಲಿ ಒಂದು. ಅಳಿಯ ಶಮಂತ್ ಆಗಲೇ ಎಲಿಜಬೆತ್ ಲೈನ್ ರೈಲು ಹಿಡಿದು ಆಫೀಸಿಗೆ ಹೋಗಿದ್ದ. ಒಳಗೆಲ್ಲ ಸಾಂಬ್ರಾಣಿ, ಬೆಳ್ಳುಳ್ಳಿ, ಕೊಬ್ಬರಿ ಎಣ್ಣೆಯ ವಾಸನೆ. ಶೋಭಾ ನಿಂತಲ್ಲೇ ನಡೆದದ್ದನ್ನು ಹೇಳಿದರು. ಮಗುವಿಗೆ ಎಣ್ಣೆನೀರು ಹಾಕಿ, ಹೊಗೆ ಹಿಡಿದು, ತೊಟ್ಟಿಲಲ್ಲಿ ಮಲಗಿಸಿದ್ದಾರೆ. ಹೊಗೆ ಹೋಗಲಿ ಎಂದು ಹಿತ್ತಲ ಬಾಗಿಲು ತೆರೆದಿದ್ದಾರೆ. ಅಡುಗೆಮನೆಯಲ್ಲಿ ಮೆಂತ್ಯದ ಲೇಹ್ಯ ಕದಡಿ ಈ ಕಡೆ ತಿರುಗುವಷ್ಟರಲ್ಲಿ ನರಿ ತೊಟ್ಟಿಲ ಬಟ್ಟೆ ಹಿಡಿದು ಎಳೆಯುತ್ತಿದೆ.

"ಕೈಗೆ ಸಿಕ್ಕಿದ ಚೊಂಬು ಎಸೆದೆ. ಬಟ್ಟೆ ಕಚ್ಕೊಂಡೇ ಓಡ್ತು. ಕೌನ್ಸಿಲ್‌ಗೆ ಫೋನ್ ಮಾಡಿದ್ರೆ ಬಾಗಿಲು ಹಾಕಿಟ್ಕೊಳಿ ಅಂತಾರೆ. ಬುದ್ಧಿ ಹೇಳೋಕೆ ಅವರೇನು ನನಗಿಂತ ದೊಡ್ಡವರಾ? ಅದು ಮತ್ತೆ ದಿನಾ ಬರ್ತಿದೆ. ನನ್ನ ಮಗಳಿಗೆ ನಿದ್ದೆ ಇಲ್ಲ."

"ಮಗೂಗೆ ಹಲ್ಲು ತಾಗಿಲ್ಲಲ್ರಿ?"

"ದೇವರು ದೊಡ್ಡವನು. ಇಲ್ಲ."

ಸ್ಮೃತಿ ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದಳು, ಎದೆಗೆ ಮಗು. ನಿದ್ದೆಗೆಟ್ಟ ಕಣ್ಣು. "ಅಂಕಲ್, ಸಾಯಿಸ್ಲೇಬೇಕಾ? ರಿಲೊಕೇಟ್ ಮಾಡೋಕಾಗಲ್ವಾ?" ಎಂದು ಕೇಳಿದಳು. ಆಗುವುದಿಲ್ಲ ಎಂದ. ಒಂದು ನರಿಯ ಜಾಗಕ್ಕೆ ಇನ್ನೊಂದು ನರಿಯನ್ನು ಒಯ್ದು ಬಿಟ್ಟರೆ ಅದು ಹಸಿವಿನಿಂದಲೋ ಜಗಳದಿಂದಲೋ ನರಳಿ ಸಾಯುತ್ತದೆ.

"ಆದ್ರ ಒಂದು ಮಾತರಿ ಅಕ್ಕಾರ," ಶೋಭಾರ ಕಡೆ ತಿರುಗಿದ. "ಹೆಣ್ಣಿದ್ದು, ಹಾಲು ಕುಡಸ್ತಿತ್ತಂದ್ರ ನಾ ಮುಟ್ಟೂದಿಲ್ಲ. ಬ್ಯಾರೆ ದಾರಿ ನೋಡೂಣು."

"ಗಂಡೇ ರೀ ಅದು! ತುಳಸಿ ಕುಂಡಕ್ಕೆ ಕಾಲೆತ್ತಿ ಮಾಡ್ತು, ನಾನೇ ಕಣ್ಣಾರೆ ನೋಡಿದೀನಿ."

ಹೆಣ್ಣು ನರಿಯೂ ಒಮ್ಮೊಮ್ಮೆ ಕಾಲೆತ್ತುತ್ತದೆ. ನಿಜಲಿಂಗಪ್ಪನಿಗೆ ಅದು ಚೆನ್ನಾಗಿ ಗೊತ್ತು. ಬೇರೆ ಗಿರಾಕಿ ಹೇಳಿದ್ದರೆ ನಕ್ಕು ಅಲ್ಲೇ ಎದ್ದು ಬರುತ್ತಿದ್ದ. ಆದರೆ ತೊಟ್ಟಿಲಿನ ಬದಿಯ ಮೇಲೆ ಹಲ್ಲಿನ ಗೀರು ಇತ್ತು. ಹಿಡಿಯಷ್ಟು ಮಗು ತಾಯಿಯ ಎದೆಯ ಮೇಲೆ ಮುಷ್ಟಿ ಬಿಗಿದು ಮಲಗಿತ್ತು. ಗಂಡೇ ಇರಬಹುದು ಎಂದು ಅವನಿಗೆ ಅನ್ನಿಸಿತು. ನಿಜ ಹೇಳಬೇಕೆಂದರೆ, ಹಾಗೆ ಅನ್ನಿಸಲಿ ಎಂದು ಅವನೇ ಬಯಸಿದ.

ಬೋನು ಹೂಡಿದ. ತಂತಿಯ ಆರಡಿ ಉದ್ದದ ಪಂಜರ. ಅದನ್ನು ತಂದು ಇಟ್ಟರಾಯಿತು ಎಂದುಕೊಂಡವರು ನರಿಯನ್ನು ಕಂಡವರಲ್ಲ. ಕಾಲಿಗೆ ತಂತಿ ತಾಗಿದರೆ ಅದು ಒಳಗೆ ಬರುವುದಿಲ್ಲ, ಹಾಗಾಗಿ ತಳಕ್ಕೆ ಅದೇ ಹಿತ್ತಲಿನ ಮಣ್ಣು ಹರವಿ ಮೇಲೆ ಹುಲ್ಲುಹೆಂಟೆ ಹೊದಿಸಬೇಕು. ಕೈಗವಸನ್ನು ಮಣ್ಣಲ್ಲಿ ಉಜ್ಜಿಯೇ ಮುಟ್ಟಬೇಕು, ಸೋಪಿನ ವಾಸನೆ ಅಂಟಬಾರದು. ಬೋನಿನ ಬಾಗಿಲನ್ನು ಐದಾರು ದಿನ ತೆರೆದಂತೆಯೇ ಕಟ್ಟಿಟ್ಟು, ಒಳಗೆ ಎರೆ ಹಾಕುತ್ತ ಹೋಗಬೇಕು. ನರಿ ಅದನ್ನು ತನ್ನ ಊಟದ ಮನೆ ಎಂದು ನಂಬಿದ ಮೇಲೆ ಬಾಗಿಲು ತಾನೇ ಬೀಳುವಂತೆ ಕೀಲು ಹಾಕಬೇಕು. ಎರೆ ಎಂದರೆ ಕೋಳಿಯ ತೊಡೆ. ಅದನ್ನು ಇಕ್ಕಳದಿಂದ ಎತ್ತಿ, ಮುಖ ಆ ಕಡೆ ತಿರುಗಿಸಿ ಒಳಗಿಡುತ್ತಿದ್ದ. ಇಷ್ಟು ವರ್ಷವಾದರೂ ಆ ವಾಸನೆ ಅವನಿಗೆ ಒಗ್ಗಿರಲಿಲ್ಲ.

ಬೇಲಿಗೆ ಒಂದು ಪುಟ್ಟ ಕ್ಯಾಮೆರಾ ಕಟ್ಟಿದ. ದಿನಾ ಬೆಳಿಗ್ಗೆ ಫೆಲ್ಥಮ್‌ನಿಂದ ಬಂದು ನೋಡುತ್ತಿದ್ದ. ಐದು ದಿನವೂ ಒಂದೇ ಕತೆ. ನರಿ ಬೆಳಕು ಹರಿಯುವ ಹೊತ್ತಿಗೆ ಹಿಂದಿನ ಬೇಲಿ ಹಾರಿ ಬರುತ್ತದೆ. ಕೋಳಿಯನ್ನು ಮೂಸಿಯೂ ನೋಡುವುದಿಲ್ಲ. ಸೀದಾ ಮೂಲೆಯ ಗುಲಾಬಿ ಗಿಡದ ಬುಡಕ್ಕೆ ಹೋಗಿ, ಹೊಟ್ಟೆಯನ್ನು ನೆಲಕ್ಕೊತ್ತಿ ಕೂತು, ಮಣ್ಣು ನೆಕ್ಕುತ್ತದೆ. ಹತ್ತು ನಿಮಿಷ ನೆಕ್ಕಿ ಎದ್ದು ಹೋಗುತ್ತದೆ. ಆ ಮಸುಕು ಚಿತ್ರದಲ್ಲಿ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಇಂಥದ್ದನ್ನು ಅವನು ಕಂಡಿರಲಿಲ್ಲ.

"ಅಕ್ಕಾರ, ಆ ಗುಲಾಬಿ ಬುಡಕ್ಕ ಏನರ ಹಾಕ್ತೀರೇನ್ರಿ?"

ಶೋಭಾ ಸೆರಗು ಸರಿಮಾಡಿಕೊಂಡರು. "ಏನಿಲ್ಲಪ್ಪ. ಅಕ್ಕಿ ತೊಳೆದ ನೀರು."

ಅಕ್ಕಿ ತೊಳೆದ ನೀರಿಗೆ ನರಿ ಬರುತ್ತದೆಯೇ? ಇನ್ನೊಮ್ಮೆ ಕೇಳಬೇಕು ಎಂದು ನಾಲಗೆಯ ತುದಿಗೆ ಬಂದಿತ್ತು. ಆದರೆ ಹಿರಿಯ ಹೆಂಗಸು, ಮೇಡಂ ಬೇರೆ. ಒಮ್ಮೆ ಹೇಳಿದ ಮೇಲೆ ಮತ್ತೆ ಕೆದಕುವುದು ಹೇಗೆ? ಬಿಟ್ಟ.

ಆರನೆಯ ದಿನ ಶೋಭಾ ಕೈಯಾಡಿಸಿ ಹೇಳಿದರು, "ನಿಮ್ಮ ಬೋನಿಗೆ ಅದು ಬೀಳಲ್ಲ ಬಿಡಿ. ಬೇರೆ ಏನಾದ್ರೂ ಮಾಡಿ. ನಿನ್ನೆ ಅಡುಗೆಮನೆ ಬಾಗಿಲು ಕೆರೀತಿತ್ತು."

ಬೇರೆ ಏನಾದರೂ ಎಂದರೆ ಬಂದೂಕು. ಅವನು ಪೊಲೀಸರಿಗೆ ತಿಳಿಸಿದ, ಎರಡೂ ಪಕ್ಕದ ಮನೆಗಳಿಗೆ ಚೀಟಿ ಕೊಟ್ಟ. ಕೆಳಗಿನಿಂದ ಹೊಡೆದರೆ ಗುಂಡು ಬೇಲಿ ದಾಟೀತು. ಆದ್ದರಿಂದ ಮಹಡಿಯ ಹಿಂದಿನ ಕೋಣೆಯ ಕಿಟಕಿಯಿಂದ, ಇಳಿಜಾರಾಗಿ, ಗುರಿ ತಪ್ಪಿದರೂ ಗುಂಡು ಮಣ್ಣಿನಲ್ಲೇ ಹೂತುಹೋಗುವಂತೆ. ಸಣ್ಣ ರೈಫಲ್, ಸದ್ದು ಅಡಗಿಸುವ ಕೊಳವೆ, ನಿಧಾನದ ಗುಂಡು. ಕಪಾಟಿನ ಬೀಗ ತೆಗೆಯುವಾಗ ರತ್ನವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ಏಪ್ರಿಲ್ ಐತಿ," ಎಂದಳು.

"ಕೂಸಿನ ಸಲುವಾಗಿ. ಗಂಡಂತ ಅದು."

"ಅಂತ?" ಎಂದಳು ರತ್ನವ್ವ. ಅವನು ಬಂದೂಕನ್ನು ಚೀಲಕ್ಕೆ ಹಾಕಿದ.

ಬೆಳಿಗ್ಗೆ ಐದೂವರೆಗೆ ಅವನು ಕಿಟಕಿಯಲ್ಲಿ ಮಂಡಿಯೂರಿ ಕೂತಿದ್ದ. ಗಾಳಿ ಮನೆಯ ಕಡೆಗೇ ಬೀಸುತ್ತಿತ್ತು, ಒಳ್ಳೆಯದು. ಐದೂ ಮುಕ್ಕಾಲಿಗೆ ನರಿ ಬೇಲಿ ಹಾರಿತು. ಗುಲಾಬಿಯ ಬುಡಕ್ಕೆ ಹೋಗಿ ಎಂದಿನಂತೆ ಹೊಟ್ಟೆ ಒತ್ತಿ ಕೂತು ನೆಕ್ಕತೊಡಗಿತು. ಈ ಕಡೆಗೆ ಮುಖ. ಗಂಡೋ ಹೆಣ್ಣೋ ಕಾಣುವ ಹಾಗಿರಲಿಲ್ಲ. ಕಾಯಬಹುದಿತ್ತು. ಅದು ಎದ್ದು ಹೊರಳಿದಾಗ ಒಂದು ಸಲ ಹೊಟ್ಟೆ ನೋಡಬಹುದಿತ್ತು. ಆದರೆ ಎದ್ದ ನರಿ ನಿಲ್ಲುವುದಿಲ್ಲ. ಕೆಳಗೆ ಮಗು ಅಳಲು ಶುರುಮಾಡಿತು. ನರಿ ಕಿವಿ ಎತ್ತಿ ಆ ಸದ್ದಿನ ಕಡೆ ನೋಡಿತು. ಬಾಯಲ್ಲಿದ್ದ ಪುಟ್ಟ ಮರದ ಪೀಪಿಯನ್ನು, ಗಾಯಗೊಂಡ ಮೊಲದಂತೆ ಚೀರುವ ಆ ಪೀಪಿಯನ್ನು, ಒಂದೇ ಉಸಿರು ಊದಿದ. ನರಿ ತಲೆಯೆತ್ತಿ ಕಿಟಕಿಯತ್ತ ನೋಡಿ ಗಕ್ಕನೆ ಸ್ತಬ್ಧವಾಯಿತು. ಹೊಡೆದ.

ನೋವಿಲ್ಲದ ಸಾವು. ಅಷ್ಟು ಮಾತ್ರ ಅವನ ಕೈಯಲ್ಲಿತ್ತು, ಅಷ್ಟನ್ನು ಮಾಡಿದ.

ಚೀಲ ಹಿಡಿದು ಕೆಳಗಿಳಿದು, ಕೈಗವಸು ಹಾಕಿ, ನರಿಯನ್ನು ಹೊರಳಿಸಿದ. ಹೊರಳಿಸಿದವನು ಹಾಗೆಯೇ ಕೂತುಬಿಟ್ಟ. ಹೊಟ್ಟೆಯುದ್ದಕ್ಕೂ ಎರಡು ಸಾಲು ಮೊಲೆ. ಅವುಗಳಲ್ಲಿ ಐದರ ಸುತ್ತ ಕೂದಲು ಸವೆದು ಗುಲಾಬಿ ಬಣ್ಣದ ಚರ್ಮ ಕಾಣುತ್ತಿತ್ತು. ಬೆರಳಿನಿಂದ ಮೆಲ್ಲಗೆ ಒತ್ತಿದ. ಹಾಲು ಬಂತು. ಬಿಸಿಯಾಗಿತ್ತು.

"ಶಿವನೇ," ಎಂದ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಲು ಹೋದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿದ.

ಶೋಭಾ ಬಾಗಿಲಿಗೆ ಬಂದರು. "ಆಯ್ತಾ? ಬಿದ್ದೋಯ್ತಾ?"

"ಹೆಣ್ಣರೀ ಅಕ್ಕಾರ. ಹಡದೈತಿ. ಮರಿ ಅದಾವು ಎಲ್ಲ್ಯೋ. ನಾಕೋ ಐದೋ."

ಶೋಭಾ ಮೆಟ್ಟಿಲ ಮೇಲೆ ಕೂತರು. ಯಾರಿಗೋ ಕೇಳಿಸಬಾರದೆಂಬಂತೆ, ತಗ್ಗಿದ ದನಿಯಲ್ಲಿ ಹೇಳಿದರು, "ಅಕ್ಕಿ ತೊಳೆದ ನೀರಲ್ಲ ರೀ ಅದು."

"ಮತ್ತೇನ್ರಿ?"

"ನಮ್ಮ ಹುಡುಗೀಗೆ ಹಾಲು ಜಾಸ್ತಿ. ಮಗು ಅಷ್ಟು ಕುಡಿಯಲ್ಲ. ಹಿಂಡಿದ್ದನ್ನ ಸಿಂಕಿಗೆ ಸುರೀಬಾರದು, ಕಾಲು ತುಳಿಯೋ ಕಡೆ ಚೆಲ್ಲಬಾರದು, ಎದೆ ಬತ್ತಿಹೋಗುತ್ತೆ ಅಂತ... ನಮ್ಮಮ್ಮ ಗಿಡದ ಬುಡಕ್ಕೆ ಹಾಕ್ತಿದ್ರು. ನಾನೂ ಹಾಗೇ. ದಿನಾ ಸಂಜೆ. ಗೊತ್ತಿಲ್ಲದ ಗಂಡಸಿನ ಹತ್ರ ಇದನ್ನೆಲ್ಲ ಹೇಗೆ ಹೇಳೋದು ಅಂತ..."

ನಿಜಲಿಂಗಪ್ಪನಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಐದು ಮರಿಗೆ ಹಾಲೂಡಿಸಿ ಸೊರಗಿದ ನರಿ, ಹಾಲಿನ ವಾಸನೆ ಹಿಡಿದು ಬಂದದ್ದು. ತೊಟ್ಟಿಲಿನಿಂದ ಎಳೆದದ್ದು ಮಗುವನ್ನಲ್ಲ, ಹಾಲು ಕಕ್ಕಿದ ಬಟ್ಟೆಯನ್ನು. ಬಾಗಿಲು ಕೆರೆದದ್ದೂ ಅದಕ್ಕೇ. ಹಾಲು ಸುರಿಯುವುದನ್ನು ನಿಲ್ಲಿಸಿ ಬಾಗಿಲು ಮುಚ್ಚಿದ್ದರೆ ನಾಲ್ಕು ದಿನದಲ್ಲಿ ಅದು ಈ ಹಿತ್ತಲನ್ನೇ ಮರೆಯುತ್ತಿತ್ತು. ಅವನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಹೇಳಲಾಗದ ಸಿಟ್ಟು. ಆದರೆ ಅದಕ್ಕೆ ಈಗ ಹೊತ್ತಿರಲಿಲ್ಲ. ತಿಂಗಳ ಮರಿಗಳಿಗೆ ತಾಯಿಯ ಹಾಲಿಲ್ಲದೆ, ಕಾವಿಲ್ಲದೆ ಎರಡು ದಿನ ಕಷ್ಟ.

ನರಿಯನ್ನು ಚೀಲಕ್ಕೆ ಹಾಕಿಟ್ಟು ಮರಿಗಳನ್ನು ಹುಡುಕಲು ಹೊರಟ. ಇಷ್ಟು ವರ್ಷ ಕೊಲ್ಲಲು ಕಲಿತ ವಿದ್ಯೆಯೆಲ್ಲ ಆ ಬೆಳಿಗ್ಗೆ ಹಿಂದುಮುಂದಾಗಿ ಕೆಲಸಕ್ಕೆ ಬಂತು. ಬೇಲಿಯ ಹಲಗೆಯ ಸಂದಿನಲ್ಲಿ ಕೆಂಚು ಕೂದಲು. ಆಚೆ ಕಡೆ ಒದ್ದೆ ಮಣ್ಣಿನಲ್ಲಿ ಒಂದೇ ಗೆರೆಯಲ್ಲಿ ನಡೆದ ಹೆಜ್ಜೆ. ಒಂದೊಂದು ಮನೆಯ ಕರೆಗಂಟೆ ಒತ್ತಿ, ಟೋಪಿ ತೆಗೆದು, ನಿಮ್ಮ ಹಿತ್ತಲು ನೋಡಬಹುದೇ ಎಂದು ಕೇಳಿದ. ಒಬ್ಬರು ಬೈದರು, ಒಬ್ಬರು ಟೀ ಕೊಡಲು ಬಂದರು. ನಾಲ್ಕನೆಯ ಮನೆ ಖಾಲಿ, ಮಾರಾಟದ ಫಲಕ ಹೊತ್ತದ್ದು. ಫಲಕದ ಮೇಲಿನ ನಂಬರಿಗೆ ಫೋನ್ ಹಚ್ಚಿ, ಅಪ್ಪಣೆ ಪಡೆದು, ಪಕ್ಕದ ಸಂದಿಯಿಂದ ಹೊಕ್ಕ. ಹಿತ್ತಲ ಶೆಡ್ಡಿನ ಕಾಂಕ್ರೀಟು ಹಾಸಿನ ಕೆಳಗೆ ಬಿಲ. ಮುಂದೆ ಪಾರಿವಾಳದ ರೆಕ್ಕೆ, ಹರಿದ ಚೆಂಡು, ಮತ್ತು ಹಳದಿ ಹೂವಿನ ಒಂದು ತೊಟ್ಟಿಲ ಬಟ್ಟೆ.

ಒಳಗಿನಿಂದ ಕುಂಯ್ ಎಂಬ ಸದ್ದು. ಕೈ ಹಾಕಿದ, ಮೊಣಕೈ ದಾಟಿತು, ಭುಜದವರೆಗೆ ಹೋಯಿತು. ಬೆರಳಿಗೆ ಉಣ್ಣೆಯಂಥದ್ದು ತಾಗಿ ಹಿಂದೆ ಸರಿಯಿತು. ಹಾಸನ್ನು ಒಡೆದರೆ ಅವುಗಳ ಮೇಲೇ ಬೀಳುತ್ತದೆ. ಅವಾಗಿಯೇ ಹೊರಗೆ ಬರಬೇಕು. ಅವನ ಜೇಬಿನಲ್ಲಿ ಮೊಲದ ಚೀರಾಟಕ್ಕೆ ಒಂದು ಪೀಪಿ, ಇಲಿಯ ಕಿಚಕಿಚಕ್ಕೆ ಒಂದು, ಸಿಕ್ಕಿಬಿದ್ದ ಮರಿಯ ಗೋಳಿಗೂ ಒಂದು ಇತ್ತು. ತಾಯಿ ಮರಿಯನ್ನು ಕರೆಯುವ ಸದ್ದಿಗೆ ಒಂದೂ ಇರಲಿಲ್ಲ. ಅದನ್ನು ಅವನು ಎಂದೂ ಕೊಂಡಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಹಿತ್ತಲಲ್ಲಿ ಮಂಡಿಯೂರಿ ಕೂತ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ನರಿ ರಕ್ಷಣೆಯವರಿಗೆ ಫೋನ್ ಮಾಡಿದ. ಬರಬೇಕಾದ ಹೆಂಗಸು ದೂರದಲ್ಲಿದ್ದಳು, ಬರಲು ಎರಡು ಗಂಟೆ. ಆಮೇಲೆ ಶೋಭಾರ ಮನೆಯ ಬಾಗಿಲು ತಟ್ಟಿದ. ನಾಚಿಕೆ ಪಡುವ ಸರದಿ ಈಗ ಅವನದು.

"ತಂಗಿ," ಸ್ಮೃತಿಗೆ ಹೇಳಿದ, ಕಣ್ಣನ್ನು ನೆಲದ ಮೇಲಿಟ್ಟು. "ಸ್ವಲ್ಪ ಹಾಲು ಬೇಕಾಗಿತ್ತವಾ. ವಾಸನೀಗೆ ಮರಿ ಹೊರಗ ಬರ್ತಾವು."

ಸ್ಮೃತಿ ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಹೋದಳು. ಬಟ್ಟಲು ತಂದು, ಚಪ್ಪಲಿ ಹುಡುಕತೊಡಗಿದಳು. "ನಾನೇ ಬರ್ತೀನಿ ಅಂಕಲ್."

"ಬಾಣಂತಿ ಹೊಸಿಲು ದಾಟಬಾರದು, ಗಾಳಿ ಆಗುತ್ತೆ," ಎಂದರು ಶೋಭಾ. ಹೇಳಿ, ಮಗಳ ಕೈಯಿಂದ ಬಟ್ಟಲು ಕಿತ್ತುಕೊಂಡು, ಸೀರೆಯ ಮೇಲೆಯೇ ಅಳಿಯನ ಜಾಕೆಟ್ ಏರಿಸಿ, ತಾವೇ ಹೊರಟರು.

ಬಿಲದ ಮುಂದೆ ಒದ್ದೆ ಮಣ್ಣಿನಲ್ಲಿ ಶೋಭಾ ಚಕ್ಕಳಮಕ್ಕಳ ಹಾಕಿ ಕೂತರು. ನಿಜಲಿಂಗಪ್ಪ ಹತ್ತು ಹೆಜ್ಜೆ ಹಿಂದೆ ನಿಂತ. "ನನ್ನ ಕೈ ಬ್ಯಾಡ್ರಿ. ನನ್ನ ಮೈಯಾಗ ಬಂದೂಕಿನ ಎಣ್ಣಿ, ಅವರವ್ವನ ರಕ್ತ, ಎರಡೂ ವಾಸನಿ ಅದಾವು." ಶೋಭಾ ತೊಟ್ಟಿಲ ಬಟ್ಟೆಯನ್ನು ಹಾಲಲ್ಲಿ ಅದ್ದಿ ಬಿಲದ ಬಾಯಲ್ಲಿಟ್ಟರು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಒಂದು ಮೂತಿ. ಹಾಲಿನ ಬಟ್ಟೆ ಕಚ್ಚಿ ಚೀಪತೊಡಗಿತು, ಅದರ ಹಿಂದೆ ಇನ್ನೊಂದು, ಮತ್ತೆರಡು. ಶೋಭಾ ಒಂದೊಂದನ್ನೇ ಎತ್ತಿ ಪೆಟ್ಟಿಗೆಯಲ್ಲಿಟ್ಟರು. ನಾಲ್ಕು. ರಕ್ಷಣೆಯ ಹೆಂಗಸು ಬಂದಳು, ನಾಲ್ಕನ್ನೂ ವ್ಯಾನಿನಲ್ಲಿ ಕಾವಿಗೆ ಇಟ್ಟಳು. ಒಳಗೆ ಐದನೆಯದು ಕುಂಯ್‌ಗುಟ್ಟುತ್ತಲೇ ಇತ್ತು.

ಮಧ್ಯಾಹ್ನವಾಯಿತು. ಸ್ಮೃತಿ ಬೇಲಿಯಾಚೆಯಿಂದ ಪಕ್ಕದ ಮನೆಯವರ ಕೈಯಲ್ಲಿ ಇನ್ನೊಂದು ಬಟ್ಟಲು ಕಳಿಸಿದಳು. ಶೋಭಾ ಊಟಕ್ಕೂ ಏಳಲಿಲ್ಲ. ನೀವು ಹೋಗ್ರಿ, ಮಗಳು ಒಬ್ಬಾಕಿ ಅದಾಳ, ಎಂದರೆ ಕೇಳಲಿಲ್ಲ. ಎರಡು ಗಂಟೆಯ ಹೊತ್ತಿಗೆ ಒಳಗಿನ ಸದ್ದು ತೆಳ್ಳಗಾಯಿತು. ಆಮೇಲೆ ನಿಂತೇಹೋಯಿತು. ನಿಜಲಿಂಗಪ್ಪ ಮುಖ ಆ ಕಡೆ ತಿರುಗಿಸಿ ನಿಂತ. ಮುಗೀತು ಎಂದೇ ಅವನು ತಿಳಿದ.

"ಬಂತು," ಎಂದರು ಶೋಭಾ, ಉಸಿರಿನಲ್ಲೇ.

ಎಲ್ಲಕ್ಕಿಂತ ಸಣ್ಣದು, ಮಣ್ಣು ಮೆತ್ತಿದ್ದು, ಕಾಲು ಊರಲಾರದೆ ತೆವಳುತ್ತ ಬಂತು. ಬಟ್ಟೆಯವರೆಗೂ ಹೋಗಲಿಲ್ಲ. ಶೋಭಾ ಹಾಲಲ್ಲಿ ಅದ್ದಿದ ಬೆರಳನ್ನು ಚಾಚಿದರು. ಅದು ಬೆರಳನ್ನು ಬಾಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಚೀಪತೊಡಗಿತು. ಅವರು ಅದನ್ನು ಮೆಲ್ಲಗೆ ಎತ್ತಿ ಮಡಿಲಲ್ಲಿಟ್ಟುಕೊಂಡರು. ವ್ಯಾನಿನ ಹೆಂಗಸು ಕಂಬಳಿ ತರಲು ಓಡಿದಳು.

"ನಿಜಲಿಂಗಪ್ಪನವರೇ." ಶೋಭಾ ತಲೆಯೆತ್ತಲಿಲ್ಲ. "ನೀವು ಕೇಳಿದ ದಿನವೇ ಹಾಲಿನ ವಿಷಯ ಹೇಳಿಬಿಟ್ಟಿದ್ರೆ, ನೀವು ಹೊಡೀತಿದ್ರಾ?"

ಸುಳ್ಳು ಹೇಳುವುದು ಸುಲಭವಿತ್ತು. ಹೊಡೀತಿದ್ದೆ, ನಿಮ್ಮ ತಪ್ಪಿಲ್ಲ ಎಂದುಬಿಟ್ಟರೆ ಮುಗಿಯಿತು. ವಯಸ್ಸಾದ ಹೆಂಗಸು, ಬಾಣಂತಿಯ ತಾಯಿ, ಬೆಳಿಗ್ಗೆಯಿಂದ ನೀರೂ ಕುಡಿಯದೆ ಕೆಸರಲ್ಲಿ ಕೂತವರು. ಅವನ ಬಾಯಿ ತೆರೆದೂ ಇತ್ತು. ಆದರೆ ಆ ಹಿತ್ತಲಲ್ಲಿ ಚೀಲದೊಳಗೆ ಮಲಗಿದ್ದ ತಾಯಿಯ ನೆನಪಿನ ಎದುರು ಅವನಿಗೆ ಸುಳ್ಳು ಬರಲಿಲ್ಲ.

"ಇಲ್ರಿ ಅಕ್ಕಾರ. ಹೊಡಿತಿದ್ದಿಲ್ಲ." ಎಂದ ಅವನು. "ನೀವು ಹೇಳ್ಲಿಲ್ಲ, ಖರೆ. ನಾ ಇನ್ನೊಮ್ಮೆ ಕೇಳ್ಲಿಲ್ಲ. ಕೇಳೂದು ನನ್ನ ಕೆಲಸಿತ್ತು."

ಶೋಭಾ ತಲೆಯಾಡಿಸಿದರು. ಅಳಲಿಲ್ಲ. ಬೆರಳಿನ ಹಾಲು ಯಾವಾಗಲೋ ಆರಿಹೋಗಿತ್ತು. ಮರಿಗೆ ಅದು ತಿಳಿಯಲಿಲ್ಲ, ಚೀಪುತ್ತಲೇ ಇತ್ತು. ಕಂಬಳಿ ಬಂದ ಮೇಲೂ ಅವರು ಬೆರಳು ತೆಗೆಯಲಿಲ್ಲ.